ಕದಲದ ಕಣ್ಣು

ಮೊಳಕಾಲ್ಮೂರಿನಲ್ಲಿ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವನು ನಾನು. ಇನ್ನು ಮಗ್ಗ ಬಿಡು ಅಂತಾರೇನೋ ಅಂತ ಹೆದರಿಕೊಂಡೇ ಚಳ್ಳಕೆರೆಯ ಕಣ್ಣಾಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಒಂದು ಮಿಷಿನ್ನಿನ ಮುಂದೆ ಕೂರಿಸಿದರು.

"ನಡುವಿನ ದೀಪಾನೇ ನೋಡ್ರಿ ತಾತ. ಪಕ್ಕದಲ್ಲಿ ಬೆಳಕು ಮಿನುಗಿದ್ರೆ ಗುಂಡಿ ಒತ್ರಿ."

ಒತ್ತಿದೆ. ಅವರು ಮಿಷಿನ್ನಿನಿಂದ ಬಂದ ಚೀಟಿ ನೋಡಿದರು.

"ಗ್ಲಾಕೋಮಾ ಐತೆ. ಎಡಪಕ್ಕದ ನೋಟ ಹೋಗೈತೆ, ಅದು ವಾಪಸ್ ಬರಲ್ಲ. ನಿಮಗೆ ಗೊತ್ತೇ ಆಗ್ಲಿಲ್ವಾ?"

"ಎಡಗಡೆ ನನ್ನ ಹೆಂಡ್ತಿ ಕೂತು ಅಂಚಿನ ಲಾಳಿ ಕೊಡ್ತಿದ್ಲು ತಾಯಿ. ಆ ಕಡೆ ನಾನು ನೋಡ್ಬೇಕಾಗೇ ಇರ್ಲಿಲ್ಲ."

ಅವರು ಔಷಧಿ ಬರೆದುಕೊಟ್ಟರು.

"ನಡುವಿನ ನೋಟ ಚೆನ್ನಾಗೈತೆ. ಡ್ರಾಪ್ಸ್ ತಪ್ಪಿಸದೆ ಹಾಕ್ಕೊಂಡು ನೇಯ್ರಿ. ಒಂದು ಸಲಾನೂ ಕಣ್ಣು ಕದಲಿಲ್ಲ ನಿಮ್ದು. ಪರೀಕ್ಷೇಲಿ ಇಷ್ಟು ನೆಟ್ಟಗೆ ನೋಡೋರ್ನ ನಾನು ಕಂಡೇ ಇಲ್ಲ."

ಬಸ್ಸಿನಲ್ಲಿ ಎದೆ ಸೆಟೆಸಿಕೊಂಡೇ ಕೂತು ಬಂದೆ.

ಮಾತಾಡಿಸಿದ್ರೂ ಈ ಮನುಷ್ಯ ಮಗ್ಗದಿಂದ ಕಣ್ಣೆತ್ತಲ್ಲ ಅಂತ ನನ್ನ ಹೆಂಡತಿ ಬೈತಿದ್ದಳು. ತೀರಿಕೊಂಡು ಐದು ತಿಂಗಳಾಯ್ತು. ಡಾಕ್ಟರಮ್ಮ ಹೊಗಳಿದ್ದು ಕೇಳಿದ್ರೂ ಅವಳು ಒಪ್ತಿರಲಿಲ್ಲ ಬಿಡಿ.