ಶಿನೊ ಮತ್ತು ಕಡಲ ಗುಡಿಯ ಹೆಬ್ಬಾಗಿಲು

ಶಿನೊ ಕಡಲಲ್ಲಿ ಮುಳುಗಿ ಬಂಡೆಗೆ ಕಚ್ಚಿಕೊಂಡ ಅವಾಬಿ ಚಿಪ್ಪುಗಳನ್ನು ಕೀಳುವವಳು. ಗಂಡ ಯಸುಕಿಚಿ ದೋಣಿಯಲ್ಲಿ ಕೂತು ಅವಳ ಸೊಂಟದ ಹಗ್ಗ ಹಿಡಿಯುವವನು. ನಮ್ಮ ದ್ವೀಪದಲ್ಲಿ ಸಂಸಾರವೆಂದರೆ ಇದೇ. ದಡಕ್ಕೆ ಬಂದರೆ ಇಬ್ಬರೂ ಹಾವು ಮುಂಗುಸಿ, ಅದೂ ಎಲ್ಲ ಮನೆಯಲ್ಲಿ ಇದ್ದದ್ದೇ.

ಚಳಿಗಾಲದಲ್ಲಿ ಒಬ್ಬನೇ ಮೀನಿಗೆ ಹೋದ ಯಸುಕಿಚಿ ಬರಲಿಲ್ಲ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಮರುದಿನದಿಂದ ಶಿನೊ ಬೆಳಿಗ್ಗೆ ಕೈ ಬಾಯಿ ತೊಳೆದು, ಗುಡಿಯ ಕೆಂಪು ಹೆಬ್ಬಾಗಿಲು ದಾಟಿ, ದೇವರೆದುರು ಚಪ್ಪಾಳೆ ತಟ್ಟಿ ಬರತೊಡಗಿದಳು. ಊರು ಇಕ್ಕಟ್ಟಿಗೆ ಸಿಕ್ಕಿತು. ಸಾವಾದ ಮನೆಯವರು ಆ ಬಾಗಿಲು ದಾಟುವಂತಿಲ್ಲ. ಇವಳು ದಾಟುತ್ತಾಳೆಂದರೆ, ಇವಳ ಪಾಲಿಗೆ ಗಂಡ ಸತ್ತಿಲ್ಲ.

"ಎಷ್ಟು ದಿನಾಂತ ಹೀಗೆ ಕಣೇ? ಕ್ರಿಯೆ ಮುಗಿಸಿಬಿಡು," ಎಂದಳು ಪಕ್ಕದ ಮನೆಯ ತೋಮೆ.

"ನಿನ್ನ ಗಂಡ ಕುಡಿದು ಮನೆಗೆ ಬರ್ದೇ ಇದ್ದಾಗೆಲ್ಲ ನಾನು ಕ್ರಿಯೆ ಮಾಡು ಅಂದಿದ್ನಾ?"

ಬೇಸಿಗೆಯ ಹಬ್ಬ ಬಂತು. ಅಂದು ಕಪ್ಪು, ಕೆಂಪು ಅವಾಬಿಗಳ ಜೋಡಿಯನ್ನು ಮೊದಲು ತಂದವಳೇ ಅದನ್ನು ದೇವರಿಗೆ ಒಪ್ಪಿಸಬೇಕು. ಆ ವರ್ಷಕ್ಕೆ ಮುಳುಗುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಹುಡುಗಿಯಾಗಿದ್ದಾಗಿನಿಂದ ಶಿನೊಗೆ ಇದ್ದದ್ದು ಅದೊಂದೇ ಆಸೆ, ಒಮ್ಮೆಯೂ ಕೈಗೂಡಿರಲಿಲ್ಲ.

ಈ ಸಲ ಮೈದುನ ಕುಮಾಜೊ ಹಗ್ಗ ಹಿಡಿದ. ಬಂಡೆಯ ಸಂದಿಯಲ್ಲಿ ಜೋಡಿ ಸಿಕ್ಕಿತು. ಅವಳ ಉಸಿರು ಮುಗಿಯುವ ಹೊತ್ತು ಯಸುಕಿಚಿಗೆ ಗೊತ್ತಿತ್ತು. ಅವಳು ಹಗ್ಗ ಜಗ್ಗಿ ಸನ್ನೆ ಮಾಡುವ ಮೊದಲೇ ಮೇಲೆಳೆಯುತ್ತಿದ್ದ. ಶಿನೊ ಅಭ್ಯಾಸಬಲದಿಂದ ಕಾದಳು. ಹಗ್ಗ ಸಡಿಲವಾಗಿಯೇ ಇತ್ತು. ಇನ್ನೂ ಕಾದಳು. ಎದೆ ಒಡೆಯುವಂತಾದಾಗ ತಾನೇ ಜಗ್ಗಿದಳು.

"ಮೊದಲೇ ಜಗ್ಗೋದಲ್ವಾ ಅತ್ತಿಗೆ! ನಂಗೆ ಹೇಗೆ ಗೊತ್ತಾಗ್ಬೇಕು?" ಕುಮಾಜೊ ಗಾಬರಿಯಲ್ಲಿ ರೇಗಿದ.

"ನಿಂಗೆ ಗೊತ್ತಾಗಲ್ಲ ಬಿಡಪ್ಪ," ಎಂದಳು.

ದಡದಲ್ಲಿ ಕೇಕೆ ಎದ್ದಿತು. ಅವಳದೇ ಮೊದಲ ಜೋಡಿ. ಹೆಂಗಸರು ಅವಳನ್ನು ಮುಂದೆ ಬಿಟ್ಟುಕೊಂಡು ಗುಡಿಗೆ ನಡೆದರು. ಹೆಬ್ಬಾಗಿಲ ಎದುರು ಶಿನೊ ನಿಂತಳು.

"ಹೋಗೇ, ಪೂಜಾರಪ್ಪ ಕಾಯ್ತಿದಾರೆ," ತೋಮೆ ಬೆನ್ನಿಗೆ ನೂಕಿದಳು.

"ಇದು ದೇವರಿಗಾಗಲ್ಲ. ಎರಡನೇದು ಯಾರು ತಂದ್ರೋ, ಅವರನ್ನ ಕರಿ."

"ತಲೆ ಕೆಟ್ಟಿದ್ಯಾ? ಜನ್ಮವೆಲ್ಲ ಇದಕ್ಕೇ ಬಾಯಿ ಬಿಟ್ಕೊಂಡಿದ್ದೆ!"

"ನಮ್ಮನೇಲಿ ಸೂತಕ," ಎಂದಳು ಶಿನೊ.

ಚಳಿಗಾಲದಿಂದ ಈ ಮಾತಿಗಾಗಿಯೇ ಅವಳ ಬೆನ್ನು ಬಿದ್ದಿದ್ದ ತೋಮೆ, ಹಬ್ಬಕ್ಕೆ ಒಳಗೆ ಹೋಗದೆ, ಹೆಬ್ಬಾಗಿಲ ಹೊರಗೆ ಅವಳ ಪಕ್ಕದಲ್ಲಿ ಕೂತುಬಿಟ್ಟಳು.