ತಿರುಗಿದ ಮೇಲೆ ಕೈ ಎತ್ತಬೇಕು

ಮಾಂಬಳ್ಳಿಯ ಬಾವಿಯಲ್ಲಿ ನನ್ನನ್ನು ಹನ್ನೊಂದು ಸಲ ಬದುಕಿಸಿದರು ಎಂದು ನನ್ನ ನೆನಪು. ನಾಲ್ಕೇ ಸಲ ಎನ್ನುತ್ತಾನೆ ತಮ್ಮ. ಒಂದು ಸಲವೂ ನಾನು ಮುಳುಗುತ್ತಿರಲಿಲ್ಲ ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ನಮ್ಮ ಈಜು ತಂಡದ ರಿಲೇಗೆ ನಾಲ್ವರು ಬೇಕಿತ್ತು, ಮೂವರ ಆಯ್ಕೆ ಮುಗಿದಿತ್ತು. ಉಳಿದ ಒಂದು ಜಾಗಕ್ಕೆ ನಾನು ಮತ್ತು ಮಂಡ್ಯ ಕಡೆಯ ಒಬ್ಬ ಹುಡುಗ. ಹಾಸ್ಟೆಲಿನಲ್ಲಿ ನನ್ನನ್ನು ಬಾವಿಕಪ್ಪೆ ಎಂದು ಕರೆಯುತ್ತಿದ್ದರು. ಆ ಜಾಗ ಸಿಕ್ಕಿದರೆ ಆ ಹೆಸರು ಹೋಗುತ್ತದೆ ಎಂದುಕೊಂಡಿದ್ದೆ. ಯಾವ ಆಧಾರದ ಮೇಲೆ ಹಾಗೆ ಅಂದುಕೊಂಡೆನೋ ಈಗ ಹೊಳೆಯುವುದಿಲ್ಲ.

ನೇರ ಈಜಿನಲ್ಲಿ ನಾನೇ ಮುಂದಿದ್ದೆ. ತೊಂದರೆ ಇದ್ದದ್ದು ಗೋಡೆಯ ಹತ್ತಿರ. ನೂರು ಮೀಟರಿಗೆ ಒಂದೇ ಒಂದು ತಿರುವು. ಮಂಡ್ಯದವನು ಗೋಡೆ ಹತ್ತಿರವಾಗುತ್ತಲೇ ನೀರೊಳಗೆ ಪಲ್ಟಿ ಹೊಡೆದು, ಪಾದದಿಂದ ಗೋಡೆಯನ್ನು ಒದ್ದು ಬಾಣದಂತೆ ಹೊರಟುಬಿಡುತ್ತಿದ್ದ. ನಾನು ಬಾವಿಯಲ್ಲಿ ಕಲಿತವನು. ಬಾವಿಯಲ್ಲಿ ಆಚೆ ದಡ ಮುಟ್ಟಿದವನು ಕಲ್ಲು ಹಿಡಿದುಕೊಂಡು, ಮುಖ ಒರೆಸಿಕೊಂಡು, ಪಕ್ಕದವನ ಹತ್ತಿರ ಎರಡು ಮಾತಾಡಿ ಆಮೇಲೆ ಹೊರಡುತ್ತಾನೆ. ಮೈಸೂರಿನಲ್ಲಿ ಮಾತು ಬಿಟ್ಟಿದ್ದೆ. ಮುಖ ಒರೆಸಿಕೊಳ್ಳುವುದನ್ನು ಬಿಡಲಾಗಿರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಆಯ್ಕೆಯ ಕೊನೆಯ ಸ್ಪರ್ಧೆ ಎಂದರು ಈಜಿನ ಮೇಷ್ಟ್ರು. ಗದ್ದ ಎದೆಗೆ, ಮೊಣಕಾಲು ಹೊಟ್ಟೆಗೆ, ಮೂಗಿನಿಂದ ಉಸಿರು ಹೊರಗೆ, ಎಂದು ಮೂರು ಮಾತು ಹೇಳಿ ಕಳಿಸಿದರು. ನಾನು ಸೀದಾ ಮಾಂಬಳ್ಳಿಯ ಸೋದರಮಾವನ ತೋಟಕ್ಕೆ ಹೋದೆ. ಅಲ್ಲಿ ಹಿಪ್ಪುನೇರಳೆ ಗಿಡಗಳ ನಡುವೆ ಅಗಲವಾದ ಚೌಕದ ಬಾವಿ ಇತ್ತು. ಅದಕ್ಕೆ ಕಲ್ಲಿನ ಗೋಡೆ, ಗೋಡೆಯ ತುಂಬ ಪಾಚಿ.

ಪಲ್ಟಿ ಹೊಡೆಯುವವನು ಮೇಲಿನಿಂದ ನೋಡುವವರಿಗೆ ಹೇಗೆ ಕಾಣುತ್ತಾನೆ ಎಂದು ನಾನು ಯೋಚಿಸಿರಲಿಲ್ಲ. ಮೊದಲು ತಲೆ ಕಾಣೆಯಾಗುತ್ತದೆ. ಆಮೇಲೆ ಎರಡು ಕಾಲು ಮೇಲೆ ಬಂದು ಒದ್ದಾಡುತ್ತವೆ. ಆಮೇಲೆ ಅವೂ ಇಲ್ಲ. ಬಾವಿ ಇರುವ ಊರಿನಲ್ಲಿ ಇದಕ್ಕೆ ಒಂದೇ ಅರ್ಥ. ಕಂಡವರು ಮೊದಲು ಧುಮುಕಬೇಕು, ಕೇಳುವುದೆಲ್ಲ ಆಮೇಲೆ.

ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಕೂಗಿಕೊಂಡರು, ಮಾವ ಧುಮುಕಿ ಕೂದಲು ಹಿಡಿದು ನನ್ನನ್ನು ಮೇಲೆತ್ತಿದರು. ಮರುದಿನ ಕಾಮಗೆರೆಯಿಂದ ಬಂದಿದ್ದ ನೆಂಟರೊಬ್ಬರು ಕೈಗಡಿಯಾರದ ಸಮೇತ ಹಾರಿದರು. ಅದರ ಮರುದಿನ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಹಾರಿದರು. ಅವರಿಗೆ ಈಜು ಬರುತ್ತಿರಲಿಲ್ಲ. ನಾನೇ ಅವರನ್ನು ಮೆಟ್ಟಿಲಿಗೆ ಎಳೆದು ತಂದೆ. ನನ್ನ ಪ್ರಾಣ ಉಳಿಸಿದ ಕಥೆಯನ್ನು ಅವರು ಕೊನೆಯವರೆಗೂ ಯಳಂದೂರಿನಲ್ಲಿ ಹೇಳುತ್ತಿದ್ದರು. ವಿವರಗಳು ಎಷ್ಟು ಖಚಿತವಾಗಿದ್ದವು ಎಂದರೆ, ಕೇಳಿ ಕೇಳಿ ನನಗೇ ಅನುಮಾನ ಶುರುವಾಗಿತ್ತು.

ಹೀಗೆ ದಿನಕ್ಕೊಬ್ಬರು ಉಳಿಸಿದರೆ ಕಲಿಯುವುದು ಯಾವಾಗ ಎಂದು ಮಾವನ ಹತ್ತಿರ ಗೋಳಾಡಿದೆ. ಅವರು ಒಂದು ಕಾನೂನು ಮಾಡಿದರು. ಪಲ್ಟಿಯಾದ ಮೇಲೆ ನಾನು ಒಂದು ಕೈಯನ್ನು ನೀರಿನ ಮೇಲೆ ಎತ್ತಬೇಕು. ಐದು ಎಣಿಸುವಷ್ಟರಲ್ಲಿ ಕೈ ಕಾಣದಿದ್ದರೆ ಧುಮುಕುವುದು ಮಾವ ಒಬ್ಬರೇ, ಬೇರೆ ಯಾರೂ ಅಲ್ಲ. ಮಾವ ಮೆಟ್ಟಿಲ ಮೇಲೆ ಕೂತು, ದಾರಿಯಲ್ಲಿ ನಿಂತು ನೋಡುವವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದರು.

"ಸಾಯ್ತಾ ಇಲ್ಲ ಬುಡ್ರವ್ವ, ತಿರುಗ್ತಾ ಅವ್ನೆ."

ಕೂತು ಕೂತು ಮಾವ ನನ್ನ ತಪ್ಪನ್ನೂ ಕಂಡುಹಿಡಿದರು. ಪಲ್ಟಿಗೆ ಮುಂಚೆ ನಾನು ತಲೆ ಎತ್ತಿ ಗೋಡೆಯನ್ನು ನೋಡುತ್ತಿದ್ದೆ. ತಲೆ ಎತ್ತಿದರೆ ಸೊಂಟ ಇಳಿಯುತ್ತದೆ, ಪಲ್ಟಿ ಅರ್ಧಕ್ಕೇ ನಿಲ್ಲುತ್ತದೆ, ಮೂಗಿಗೆ ನೀರು ನುಗ್ಗುತ್ತದೆ.

"ಗೋಡೆ ಎಲ್ಗೂ ಓಗಲ್ಲ ಕಣ್ಲಾ," ಎಂದರು. "ಏನಂತ ನೋಡೀಯೆ? ಆರು ಕೈ ಹಾಕು, ಏಳ್ನೇದ್ಕೆ ಮಗುಚ್ಕೊ."

ಆರು ಎಣಿಸಿ ಮಗುಚಿಕೊಂಡೆ. ಮೊದಲ ದಿನ ಹಿಮ್ಮಡಿ ಕಲ್ಲಿಗೆ ಬಡಿಯಿತು. ಎರಡನೆಯ ದಿನ ತೀರಾ ಮುಂಚೆ ಮಗುಚಿಕೊಂಡು ಬರೀ ನೀರನ್ನು ಒದ್ದೆ. ರಜೆಯ ಕೊನೆಯ ವಾರ ಪಾದಗಳು ಪಾಚಿಯ ಮೇಲೆ ಕಚ್ಚಿ ನಿಂತವು, ಮಂಡಿ ಬಿಡಿಸಿದೆ, ಬಾವಿಯ ನಡುವಿನವರೆಗೆ ಕೈ ಆಡಿಸದೆ ತೇಲಿಹೋದೆ. ಮರೆಯದೆ ಕೈ ಎತ್ತಿದೆ.

ಸ್ಪರ್ಧೆಯ ದಿನ ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬೆಳಗಿನ ಬಸ್ಸಿಗೇ ಮೈಸೂರಿಗೆ ಬಂದರು. ಬೇಡ ಎಂದಿದ್ದೆ. ಕೊಳದ ಪಕ್ಕದ ಮೆಟ್ಟಿಲಲ್ಲಿ, ತಿರುವಿನ ಗೋಡೆಗೆ ತೀರಾ ಹತ್ತಿರದಲ್ಲಿ ಕೂತರು.

ತಿರುವಿನವರೆಗೆ ಇಬ್ಬರೂ ಸಮ ಇದ್ದೆವು. ಮಗುಚಿದೆ, ಒದ್ದೆ, ಹೊರಟೆ. ಅಂಥ ತಿರುವು ನಾನು ಹಿಂದೆಯೂ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಕೈ ಮಾತ್ರ ಎತ್ತಲಿಲ್ಲ. ಬೇಕೆಂದೇ ಎತ್ತಲಿಲ್ಲ ಎಂದು ಗೆಳೆಯರಿಗೆ ಹೇಳಿದ್ದೇನೆ. ಮರೆತುಹೋಯಿತು ಎಂದು ಮಾವನಿಗೆ ಹೇಳಿದ್ದೇನೆ. ಎರಡನ್ನೂ ಹೇಳಿ ಹೇಳಿ ನಿಜ ಯಾವುದೆಂದು ಈಗ ಗೊತ್ತಿಲ್ಲ.

ಗೋಡೆ ಮುಟ್ಟಿ ತಲೆ ಎತ್ತಿದಾಗ ನಾನೊಬ್ಬನೇ ಇದ್ದೆ. ಗೆದ್ದೆ ಎಂದುಕೊಂಡೆ. ಹಿಂತಿರುಗಿ ನೋಡಿದರೆ ಕೊಳದ ಆ ತುದಿಯಲ್ಲಿ ಬಿಳಿ ಪಂಚೆ ಅಗಲವಾಗಿ ತೇಲುತ್ತಿತ್ತು. ಅದರ ನಡುವೆ ಮಾವ, ಮಂಡ್ಯದ ಹುಡುಗನನ್ನು ಕೂದಲು ಹಿಡಿದು ಅಂಚಿಗೆ ಎಳೆಯುತ್ತಿದ್ದರು. ಒದ್ದೆ ತಲೆಗಳೆಲ್ಲ ಒಂದೇ ಥರ ಕಾಣುತ್ತವೆ. ಅವನು ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಮಾವ ಬಿಗಿಯಾಗಿ ಹಿಡಿದರು. ಮುಳುಗುವವರು ಹಾಗೆಯೇ ಒದ್ದಾಡುತ್ತಾರಲ್ಲ.

ಮೇಷ್ಟ್ರು ಬೈಯಲು ಬಾಯಿ ತೆರೆದರು. ಮಾವ ಪಂಚೆ ಹಿಂಡುತ್ತಲೇ ತಮ್ಮ ತಪ್ಪೇನೂ ಇಲ್ಲವೆಂದು ವಿವರಿಸಿದರು.

"ಐದ್ ಎಣಿಸ್ದೆ ಸಾ. ಕೈ ಬರ್ನಿಲ್ಲ. ಏಳ್ ತಂಕ ಕಾದೆ, ನಿಮ್ ಮರ್ವಾದಿಗೆ."

ಅರ್ಧ ಗಂಟೆ ಬಿಟ್ಟು ಇಬ್ಬರನ್ನೂ ಮತ್ತೆ ಈಜಿಸಿದರು. ಮಾವನನ್ನು ಗೇಟಿನ ಹತ್ತಿರ ಕೂರಿಸಿ, ಕಾವಲುಗಾರನೊಬ್ಬ ಅವರ ತೋಳು ಹಿಡಿದುಕೊಂಡಿದ್ದ. ಈ ಸಲ ತಿರುವಿಗೆ ಒಂದೇ ಕೈ ಇರುವಾಗ ಮಾವ ಎಲ್ಲಿದ್ದಾರೋ ಎಂದು ತಲೆ ಎತ್ತಿ ನೋಡಿದೆ. ಸೊಂಟ ಇಳಿಯಿತು, ಮೂಗಿಗೆ ನೀರು ನುಗ್ಗಿತು. ಒಂದು ಮೊಳದಲ್ಲಿ ಸೋತೆ. ಹಲಗೆಯ ಮೇಲೆ ಬರೆದ ಪಟ್ಟಿಯಲ್ಲಿ ನನ್ನ ಹೆಸರು ಐದನೆಯದು, ಮುಂದೆ ರಿಸರ್ವ್ ಎಂದಿತ್ತು.

ಕೊಳ್ಳೇಗಾಲದ ಬಸ್ಸು ಹತ್ತಿಸಲು ಮಾವನ ಜೊತೆ ಸ್ಟ್ಯಾಂಡಿಗೆ ನಡೆದೆ. ನರಸೀಪುರದ ಬಸ್ಸು ನಮ್ಮನ್ನು ದಾಟಿ ಹೋಯಿತು. ಆಮೇಲೆ ಮಾವ, ಹಲಗೆ ಮೇಲೆ ಅದೇನು ಬರೆದಿದ್ದರು ಎಂದು ಕೇಳಿದರು. ನಾಲ್ವರು ಈಜುತ್ತಾರೆ, ನಾನು ದಡದಲ್ಲಿ ಕೂತಿರಬೇಕು, ಯಾರಿಗಾದರೂ ಆಗದೆ ಹೋದರೆ ಮಾತ್ರ ಧುಮುಕಬೇಕು ಎಂದೆ.

ಮಾವ ನಿಂತುಬಿಟ್ಟರು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಲೇ, ಅದು ದೊಡ್ ಕೆಲ್ಸ ಕಣ್ಲಾ. ಈಜಕೆ ಯಾರ್ ಬೇಕಾರೂ ಸಿಕ್ತರೆ."

ಮುಂದಿನ ರಜೆಗೆ ಊರಿಗೆ ಹೋದಾಗ, ನನ್ನ ಈ ದೊಡ್ಡ ಕೆಲಸದ ಸುದ್ದಿಯನ್ನು ಮಾವ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದರು. ಆ ಹೆಡ್‌ಮಾಸ್ಟರು ಎದ್ದು ನಿಂತು ನನಗೆ ಕುರ್ಚಿ ಕೊಟ್ಟರು. ಕೂತೆ.