ಕುಂಟ ಆಡಿನ ಕ್ಷೇಮಸಮಾಚಾರ

ನಾನು ನನ್ನ ತಮ್ಮನಿಗೆ ಒಂದೂ ಕಾಗದ ಬರೆಯಲಿಲ್ಲ. ಯುದ್ಧದ ಆ ವರ್ಷ ಅವನು ಹಡಗಿನಲ್ಲಿದ್ದ, ನಾನು ಮೋರಖಂಡಿಯ ತವರಿನಲ್ಲಿ ಆಡು ಕಾಯುತ್ತಿದ್ದೆ. ಅವನಿಗೆಂದು ತರಿಸಿದ ನೀಲಿ ಇನ್‌ಲ್ಯಾಂಡ್ ಕಾಗದ ಬಸವಕಲ್ಯಾಣದ ನನ್ನ ಮನೆಯಲ್ಲಿ, ಸೀರೆಗಳ ಟ್ರಂಕಿನ ತಳದಲ್ಲಿ, ಇವತ್ತಿಗೂ ಇದೆ. ಹೊರಗೆ ಹಡಗಿನ ವಿಳಾಸ. ಒಳಗೆ ‘ತಮ್ಮಾ’ ಎಂಬ ಒಂದೇ ಶಬ್ದ.

ಬರೆಯಲು ಬರುತ್ತಿರಲಿಲ್ಲ ಎಂದರೆ ಸುಳ್ಳಾದೀತು. ನಾಲ್ಕನೇ ಇಯತ್ತೆವರೆಗೆ ಕಲಿತಿದ್ದೆ. ಕೂಸಾಗಿದ್ದ ತಮ್ಮನನ್ನು ಎತ್ತಿಕೊಳ್ಳಲು ಯಾರೂ ಇಲ್ಲವೆಂದು ನನ್ನನ್ನು ಸಾಲೆ ಬಿಡಿಸಿದರು. ನನ್ನ ಸೊಂಟದ ಮೇಲೆ ಬೆಳೆದವನು ಮುಂದೆ ಓದಿ, ನೌಕಾಪಡೆ ಸೇರಿ, ಮುತ್ತಿನಂಥ ಅಕ್ಷರದಲ್ಲಿ ಕಾಗದ ಬರೆದಾಗ ಹೆಮ್ಮೆಯಾಯಿತು. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು. ನನ್ನ ಸೊಟ್ಟ ಅಕ್ಷರ ಅವನ ಜೊತೆಗಾರರ ಕಣ್ಣಿಗೆ ಬೀಳುವುದು ಬೇಡವೆಂದು ಒಂದು ವಾರ ತಳ್ಳಿದೆ, ಜೋಳದ ರಾಶಿ ಮುಗಿಯಲೆಂದು ಇನ್ನೊಂದು ವಾರ. ‘ಟಪಾಲು ಬಂದ ದಿನ ಇಲ್ಲಿ ಎಲ್ಲರ ಹೆಸರು ಕೂಗುತ್ತಾರೆ, ನನ್ನದೊಂದೇ ಬರುವುದಿಲ್ಲ, ಎರಡು ಸಾಲಾದರೂ ಬರಿ’ ಎಂದು ಅವನು ಕಾಗದದಲ್ಲಿ ಕೇಳಿದ್ದ. ಅದನ್ನು ಓದಿಯೂ ಬರೆಯಲಿಲ್ಲ. ಅವನು ಬದುಕಿ ಬಂದ. ಯಾಕೆ ಬರೆಯಲಿಲ್ಲವೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ನಿವೃತ್ತನಾಗಿ ಹುಮನಾಬಾದಿನಲ್ಲಿ ನೆಲೆಸಿದ ಮೇಲೆ, ತಲೆ ಪೂರ್ತಿ ಬೆಳ್ಳಗಾದ ಮೇಲೆ, ಅವನು ಆ ಯುದ್ಧದ ಹಡಗಿನ ಕಾದಂಬರಿ ಬರೆದ. ಸಾಲಿನ ಕೆಳಗೆ ಬೆರಳಿಟ್ಟು ಎರಡು ತಿಂಗಳು ಓದಿದೆ. ಬಾವಿ, ಕೆರೆ ಬಿಟ್ಟು ಬೇರೆ ನೀರು ಕಾಣದ ನಾನು ಸಮುದ್ರ ನೋಡಿದ್ದು ಆ ಪುಸ್ತಕದಲ್ಲೇ. ಗುಂಡು, ಬೆಂಕಿ, ಹಡಗಿನ ಹೊಟ್ಟೆಯೊಳಗಿನ ಧಗೆ, ಎಲ್ಲದರ ನಡುವೆ ವಾರಕ್ಕೊಂದರಂತೆ ನಾವಿಕನ ಅಕ್ಕನ ಕಾಗದ! ತೊಗರಿ ಹೂಬಿಟ್ಟಿದ್ದು, ಯಾರದೋ ಲಗ್ನ, ಕಾಲು ಮುರಿದುಕೊಂಡ ಆಡಿಗೆ ಬಿದಿರ ಸೀಳು ಕಟ್ಟಿದ್ದು. ನಿಜವಾಗಿ ನಾನೇ ಬರೆದಿದ್ದರೂ ಅಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ.

ಹಡಗಿನಲ್ಲಿ ದುಡಿದ ಓದುಗನೊಬ್ಬ, ಗುಂಡು ಹಾರಿಸುವ ತೋಪು ಪುಸ್ತಕದಲ್ಲಿದ್ದಂತೆ ತಿರುಗುವುದಿಲ್ಲವೆಂದು ಎರಡು ಪುಟ ಬರೆದ; ತಮ್ಮ ನಗುತ್ತಲೇ ತಪ್ಪೊಪ್ಪಿಕೊಂಡ. ಉಳಿದವರಿಗೆಲ್ಲ ಬೇಕಾದವಳು ಅಕ್ಕ. ಆ ಕಾಗದಗಳು ನಿಜವೆಂದೇ ನಂಬಿ, ವಿಳಾಸ ಹುಡುಕಿ ನನ್ನ ಬಾಗಿಲಿಗೇ ಬಂದು, “ಆಯಿ, ಆ ಕುಂಟ ಆಡು ಮುಂದ ಏನಾಯ್ತ್ರಿ?” ಎನ್ನುತ್ತಿದ್ದರು. ನಮ್ಮಲ್ಲಿ ಕುಂಟ ಆಡು ಇರಲೇ ಇಲ್ಲ. ಮೊದಲು ಬಂದವರನ್ನು ಚಹಾ ಕೊಟ್ಟು ಕಳಿಸಿದೆ. ಎರಡನೆಯವರಿಗೆ ವಾಸಿಯಾಯಿತು ಎಂದೆ. ಮಳೆಗಾಲದ ಹೊತ್ತಿಗೆ ಅದು ಎರಡು ಮರಿ ಹಾಕಿತ್ತು. ಸುದ್ದಿ ಹುಮನಾಬಾದ್ ಮುಟ್ಟಿ, ತಮ್ಮ ಫೋನಿನಲ್ಲಿ, “ನಿನ್ನ ಆಡು ಮರಿ ಹಾಕ್ತಂತಲ್ಲಕ್ಕಾ, ನನಗ ಹೇಳೇ ಇಲ್ಲ,” ಎಂದು ಚುಚ್ಚಿದ. ಇಬ್ಬರೂ ನಕ್ಕೆವು. ಆಗಲಾದರೂ ಹೇಳಬಹುದಿತ್ತು.

ನೀವು ನಗುತ್ತಿದ್ದೀರಿ, ನಗಿರಿ. ಆದರೆ ಒಂದು ಮಾತು ನನ್ನನ್ನು ಬಿಡದೆ ಕಾಡಿತು. ಸಮುದ್ರವನ್ನು ಅವನು ಕಂಡು ಬರೆದ; ಕಾಗದಗಳನ್ನು ಕಾಣದೆ ಬರೆದ. ಹೆಸರು ಕೂಗದ ಆ ದಿನಗಳಲ್ಲಿ ಕಬ್ಬಿಣದ ಮಂಚದ ಮೇಲೆ ಮಲಗಿ, ಅಕ್ಕ ಬರೆದಿದ್ದರೆ ಏನು ಬರೆಯುತ್ತಿದ್ದಳೆಂದು ತಾನೇ ಕಟ್ಟಿಕೊಂಡಿದ್ದಾನೆ. ಆ ಕಾಗದಗಳನ್ನು ಓದಿ ಜನ ಅತ್ತದ್ದು ನನ್ನ ಮಾತಿಗಲ್ಲ, ನಾನು ಖಾಲಿ ಬಿಟ್ಟ ಜಾಗಕ್ಕೆ.

ಕಳೆದ ತಿಂಗಳು ಹುಮನಾಬಾದಿನ ಸಾಲೆಯೊಂದರಲ್ಲಿ ಓದುಗರು ಕೂಟವಿಟ್ಟು, ನೀವು ಬರೆದ ಹಳೆಯ ಕಾಗದವೊಂದನ್ನು ತನ್ನಿರೆಂದು ನನಗೆ ಹೇಳಿಕಳಿಸಿದರು. ನನ್ನ ಕೈಯದೆಂದು ಇದ್ದದ್ದು ಟ್ರಂಕಿನ ಆ ನೀಲಿ ಕಾಗದವೊಂದೇ, ಅದನ್ನೇ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮನ್ನಾಏಖೇಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಎದ್ದು, ಆಯಿಯ ಕೈಬರಹ ಕಣ್ಣಾರೆ ನೋಡಬೇಕು ಎಂದಳು. ನನಗಿಂತ ಮೊದಲೇ ತಮ್ಮ ಮೈಕು ಹಿಡಿದ. “ಅವೆಲ್ಲಾ ಹಡಗಿನ್ಯಾಗ ನೀರು ಹೊಕ್ಕಾಗ ಹೋದ್ವರಿ.”

ತೋಪಿನ ತಪ್ಪನ್ನು ನಗುತ್ತ ಒಪ್ಪಿಕೊಂಡವನು, ತುಂಬಿದ ಸಭೆಯಲ್ಲಿ ನನಗಾಗಿ ಸುಳ್ಳು ಹೇಳಿದ. ಜನ ಅಯ್ಯೋ ಎಂದು ನಿಟ್ಟುಸಿರು ಬಿಟ್ಟರು. ಅವರ ಕನಿಕರವನ್ನು ತಾಳಲಾರದೆ ನಾನು ಎದ್ದು ನಿಂತೆ.

“ನೀರಾಗ ಹೋಗಿಲ್ಲರಿ. ನಾ ಒಂದೂ ಬರ್ದೇ ಇಲ್ಲ.”

ತಮ್ಮ ನನ್ನ ಸೆರಗು ಜಗ್ಗಿದ. “ಕುಂದ್ರಕ್ಕಾ, ಹೋಗ್ಲಿ ಬಿಡು.”

ಕೂಡಲಿಲ್ಲ. ನೀಲಿ ಕಾಗದ ಬಿಚ್ಚಿ, ಅದರಲ್ಲಿದ್ದ ಒಂದೇ ಶಬ್ದವನ್ನು ಓದಿ, ಉಳಿದದ್ದನ್ನು ಅವನ ಮುಖ ನೋಡಿ ಹೇಳಿದೆ:

“ತಮ್ಮಾ, ಹಡಗಿನ್ಯಾಗ ಒಂದು ಸರ್ತಿನೂ ನಿನ್ನ ಹೆಸರು ಕೂಗೂ ಹಂಗ ನಾ ಮಾಡ್ಲಿಲ್ಲ. ತಪ್ಪಾಯ್ತಪ್ಪಾ.”